ಕೀವು, ರಶಿಗಿ, ನಂಜು: ಗಾಯಕ್ಕೆ ನಮ್ಮ ಕಡೆಯ ಮಾತು

ಸಿವಿಲ್ ಬ್ರಾಂಚಿನವರಿಗೆ ಡಿಸ್ಚಾರ್ಜ್ ಅಂದ್ರ ನೀರಿನ ಹರಿವು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಡ್ಯಾಮಿನಿಂದ ಇವತ್ತು ಎಷ್ಟು ಕ್ಯೂಸೆಕ್ಸ್ ಬಿಟ್ಟರು ಅನ್ನೋ ಲೆಕ್ಕ. ಎಲೆಕ್ಟ್ರಿಕಲ್‌ನವರಿಗೆ ಬ್ಯಾಟರಿ ಇಳಿಯೋದು. ಊರಿನವರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸೋದು: "ನಾಳೆ ಡಿಸ್ಚಾರ್ಜ್ ಮಾಡ್ತಾರಂತ." ಡಾಕ್ಟರಿಗೆ ಮಾತ್ರ ಗಾಯದಿಂದಲೋ ಕಿವಿಯಿಂದಲೋ ಕಣ್ಣಿನಿಂದಲೋ ಹೊರಗೆ ಬರುವ ದ್ರವ. ಈ ಕೊನೆಯ ಅರ್ಥವನ್ನು ಕನ್ನಡಕ್ಕೆ ತರಬೇಕಾದಾಗ ಫಾರ್ಮುಗಳೂ ಆ್ಯಪುಗಳೂ ಏನು ಮಾಡುತ್ತವೆ ಅಂತ ನಾವು ಒಂದಿಷ್ಟು ನೋಡಿದೆವು. "ಗಾಯದಿಂದ ವಿಸರ್ಜನೆ ಇದೆಯೇ?" ಬೆಳಗಾವಿ ಜಿಲ್ಲೆಯಲ್ಲಿ ವಿಸರ್ಜನೆ ಅಂದ್ರ ಗಣಪತಿಯದ್ದು, ಹನ್ನೊಂದನೇ ದಿನ, ಡಾಲ್ಬಿ ಹಚ್ಚಿ. ಗಾಯಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಮ್ಮ ಬಳಗದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕಿನವರು ಇದ್ದೇವೆ. ರಜೆಗೆ ಊರಿಗೆ ಹೋದಾಗ ಆಯಿ, ಅಜ್ಜ, ದನದ ಡಾಕ್ಟರರ ಹಿಂದೆ ತಿರುಗುವವರು, ಕಬ್ಬು ಕಡಿಯುವವರು ಇವರನ್ನೆಲ್ಲ ಕೂಡಿಸಿಕೊಂಡು, ಗಾಯ, ಹುಣ್ಣು, ಸೋರುವುದು, ಮಾಯುವುದು ಇವಕ್ಕೆ ಅವರು ಏನೇನು ಅಂತಾರೆ ಎಂದು ಬರೆದುಕೊಂಡೆವು. ಊಟದ ಹೊತ್ತಿನಲ್ಲಿ ಕೇಳಬಾರದು ಎಂಬುದು ಮೊದಲ ದಿನವೇ ಗೊತ್ತಾಯಿತು.

ಮೊದಲಿಗೆ ತಿಳಿದದ್ದು ಇಷ್ಟು. ಆ ಒಂದು ಇಂಗ್ಲಿಷ್ ಶಬ್ದಕ್ಕೆ ನಮ್ಮಲ್ಲಿ ಒಂದು ಶಬ್ದ ಇಲ್ಲ. ಜಾಗಕ್ಕೆ ಒಂದೊಂದು ಇವೆ. ಮೂಗಿನಿಂದ ಬರೋದು ಸುಂಬಳ, ಪುಸ್ತಕದಲ್ಲಿ ಸಿಂಬಳ. ಕಣ್ಣಿನ ಮೂಲೆಯಲ್ಲಿ ಕೂಡೋದು ಪಿಚ್ಚು, ಇನ್ನು ಕೆಲವರ ಬಾಯಲ್ಲಿ ಗೀಜು. ಎದೆಯಿಂದ ಕಫ, ಬಾಯಿಂದ ಜೊಲ್ಲು. ಕಿವಿಗೆ ನಾಮಪದವೇ ಬೇಡ, ಕ್ರಿಯಾಪದ ಸಾಕು: "ಕಿವಿ ಸೋರಾಕತ್ತೈತಿ." ಗಾಯದ ವಿಷಯಕ್ಕೆ ಬಂದರೆ ಅಲ್ಲಿ ಜಾಗ ಒಂದೇ, ಆದರೆ ಬರುವ ವಸ್ತುವಿನ ಮೇಲೆ ಹೆಸರು ಬದಲಾಗುತ್ತದೆ: ನೀರು, ರಗತ, ರಶಿಗಿ, ಕೀವು.

ಈ ನಾಲ್ಕನ್ನು ಹಗುರಾಗಿ ತಗೊಳ್ಳಬಾರದು. ತರಚಿದ ಗಾಯದಿಂದ ಮೊದಲ ಒಂದೆರಡು ದಿನ ತಿಳಿಯಾದ ದ್ರವ ಜಿನುಗುವುದು ಸಹಜ. ರಕ್ತನಾಳಗಳ ಗೋಡೆ ಸಡಿಲಾಗಿ ರಕ್ತದ ನೀರಿನಂಶ ಹೊರಗೆ ಬಂದಿರುತ್ತದೆ, ಇದು ರಿಪೇರಿ ಕೆಲಸದ ಮೊದಲ ಹೆಜ್ಜೆ. ಕೀವು ಬೇರೆ. ಬ್ಯಾಕ್ಟೀರಿಯಾ ಮೇಲೆ ಹೋರಾಡಲು ಬಂದ ಬಿಳಿ ರಕ್ತಕಣಗಳು ಸಾವಿರಗಟ್ಟಲೆ ಸತ್ತು, ಅವುಗಳ ಜೊತೆ ಸತ್ತ ಬ್ಯಾಕ್ಟೀರಿಯಾ, ಕರಗಿದ ಮಾಂಸ ಎಲ್ಲ ಸೇರಿ ಗಟ್ಟಿಯಾದದ್ದು ಕೀವು. ಹೊರಗಿನ ಬಣ್ಣ ನೋಡಿ ಒಳಗೆ ಏನು ನಡೆದಿದೆ ಎಂದು ಡಾಕ್ಟರು ಊಹಿಸುತ್ತಾರೆ. ಅದಕ್ಕೇ ಅವರು ಮೊದಲು ಕೇಳುವ ಪ್ರಶ್ನೆ "ಏನು ಬರ್ತಾ ಇದೆ?" ಎಂಬುದು.

ರಶಿಗಿ ಅನ್ನುವುದು ಇಲ್ಲಿ ಪೇಚಿನ ಶಬ್ದ. ಪುಸ್ತಕದ ಕನ್ನಡದಲ್ಲಿ ಇದು ರಸಿಗೆ ಅಥವಾ ರಸಿಕೆ, ಮೂಲ ಸಂಸ್ಕೃತದ ರಸ. ನಮ್ಮಲ್ಲಿ ಕೆಲವರ ಮನೆಯಲ್ಲಿ ರಶಿಗಿ ಮತ್ತು ಕೀವು ಒಂದೇ. ಇನ್ನು ಕೆಲವರ ಮನೆಯಲ್ಲಿ ತೆಳ್ಳಗೆ, ಅಂಟಾಗಿ ಬರೋದು ರಶಿಗಿ, ಗಟ್ಟಿ ಹಳದಿ ಬಂದರೆ ಕೀವು. ಬೇರೆ ಕಡೆಯಿಂದ ಬಂದ ಹೊಸ ಡಾಕ್ಟರು ಪೇಷಂಟಿಗೆ "ಕೀವು ಬರುತ್ತಾ?" ಅಂತ ಕೇಳಿ, ಆಕೆ "ಇಲ್ರಿ ಸಾಹೇಬ್ರ, ಬರೇ ರಶಿಗಿ" ಅಂದರೆ ಅಲ್ಲಿಗೆ ಪ್ರಶ್ನೆ ಮುಗಿದಿಲ್ಲ ಎಂದೇ ತಿಳಿಯಬೇಕು. ಇನ್ನೊಮ್ಮೆ ಕೇಳಬೇಕು: ಎಂಥಾ ಬಣ್ಣ, ತೆಳ್ಳಗೋ ದಪ್ಪೋ, ನಾತ ಐತೇನು? ನಾತ ಎಂಬುದೂ ಸಣ್ಣ ಸುಳಿವಲ್ಲ. ಗಾಳಿ ಇಲ್ಲದೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಗಾಯದ ಒಳಗೆ ಸೇರಿಕೊಂಡಾಗ ಕೆಟ್ಟ ನಾತ ಬರುತ್ತದೆ.

ಸಕ್ಕರಿ ಬ್ಯಾನಿ ಇದ್ದವರ ಕಾಲಿನ ಗಾಯದಲ್ಲಿ ಈ ಮಾತಿನ ಗೊಂದಲ ಕಾಲನ್ನೇ ತಿನ್ನಬಹುದು. ಶುಗರ್ ಬಹಳ ವರ್ಷ ಏರಿಳಿದರೆ ಪಾದದ ನರಗಳು ಸತ್ತಂತಾಗುತ್ತವೆ. ಮುಳ್ಳು ನಟ್ಟರೂ, ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ಕೇಳಿದರೆ "ಬ್ಯಾನಿ ಇಲ್ಲ, ಜೋಮು ಹಿಡದಂಗ ಆಗೈತಿ, ಸ್ವಲ್ಪ ನೀರು ಬರತೈತಿ ಅಷ್ಟ" ಅಂತಾರೆ. ಬ್ಯಾನಿ ಇಲ್ಲ ಅನ್ನೋದೇ ಅಲ್ಲಿ ಹೆದರಬೇಕಾದ ಮಾತು. ನಮ್ಮ ಕಡೆ ಬ್ಯಾನಿ ಅಂದ್ರ ನೋವೂ ಹೌದು, ರೋಗವೂ ಹೌದು. ಹೊಟ್ಟಿ ಬ್ಯಾನಿ ಅಂದ್ರ ನೋವು, ಸಕ್ಕರಿ ಬ್ಯಾನಿ ಅಂದ್ರ ರೋಗ. "ಬ್ಯಾನಿ ಇಲ್ಲ" ಎಂದವರು ನೋವಿಲ್ಲ ಎಂದರೋ, ರೋಗವೇ ಇಲ್ಲ ಎಂದರೋ? ಯಂತ್ರ ಬಿಡಿ, ಮನುಷ್ಯರಿಗೂ ಕಷ್ಟ.

ಯಂತ್ರದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇವೆ. ಮಾತನ್ನು ಬರಹ ಮಾಡುವ ಸೌಲಭ್ಯ ಹಚ್ಚಿ ನಮ್ಮಲ್ಲೊಬ್ಬಳು ಫೋನಿಗೆ "ರಶಿಗಿ" ಅಂದಳು. ಅದು "ರಶೀದಿ" ಅಂತ ಬರೆಯಿತು. ಗಾಯದಿಂದ ರಶೀದಿ ಬರುತ್ತಿದೆ. ಆಸ್ಪತ್ರೆಯ ಬಿಲ್ಲು ನೋಡಿದವರಿಗೆ ಇದು ಪೂರ್ತಿ ಸುಳ್ಳು ಅನ್ನಿಸಲಿಕ್ಕಿಲ್ಲ.

ಈಗ ಕೀವಿನ ಚರಿತ್ರೆ. ಇದು ಅಚ್ಚ ದ್ರಾವಿಡ ಶಬ್ದ. ತಮಿಳಿನಲ್ಲಿ ಚೀ, ತೆಲುಗಿನಲ್ಲಿ ಚೀಮು, ನಮ್ಮಲ್ಲಿ ಕೀ, ಕೀವು. ಇಲ್ಲೊಂದು ನಿಯಮ ಐತಿ. ಇ, ಎ ಥರದ ಸ್ವರದ ಮುಂದೆ ಇದ್ದ ಹಳೆಯ ಕಕಾರವನ್ನು ತಮಿಳು, ತೆಲುಗು ಎರಡೂ ಚಕಾರ ಮಾಡಿಕೊಂಡವು. ಕನ್ನಡ ಮಾಡಿಕೊಳ್ಳಲಿಲ್ಲ. ಹಾಗಾಗಿ ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕಿರು ಅವರಿಗೆ ಚಿರು, ನಮ್ಮ ಕೀ ಅವರಿಗೆ ಚೀ. ಇನ್‌ಪುಟ್ ಒಂದೇ, ಕೋಡ್ ಬೇರೆ. ಬಾವು ಎಂಬುದರಲ್ಲೂ ಇಂಥದ್ದೇ ಆಟ: ತೆಲುಗಿನಲ್ಲಿ ವಾಪು, ಕನ್ನಡದಲ್ಲಿ ಬಾವು. ತಮಿಳಿನ ವಾಯ್ ನಮಗೆ ಬಾಯಿ ಆದ ಹಾಗೆ. "ಕಾಲು ಬಾತೈತಿ" ಅನ್ನುವಾಗ ಬರುವುದೂ ಅದೇ ಧಾತು. ಹುಣ್ಣು ಹಳಗನ್ನಡದಲ್ಲಿ ಪುಣ್. ಪಾಲು ಹಾಲಾದಂತೆ, ಪಣ್ ಹಣ್ಣಾದಂತೆ, ಪುಣ್ ಹುಣ್ಣಾಯಿತು. ತಮಿಳರು ಇವತ್ತಿಗೂ ಪುಣ್ ಅಂತಾರೆ, ತೆಲುಗರು ಪುಂಡು. ಈ ಪಕಾರ ಹಕಾರವಾಗುವ ಕೆಲಸ ನಡೆದದ್ದು ಸುಮಾರು 10ನೇ ಶತಮಾನದಿಂದ 14ನೇ ಶತಮಾನದವರೆಗೆ. ಅಂದರೆ ಸವದತ್ತಿಯಲ್ಲಿ ರಟ್ಟರು ಆಳುತ್ತಿದ್ದ ಕಾಲದಲ್ಲಿ ಅಲ್ಲಿನ ಜನರ ಬಾಯಲ್ಲಿ ಪುಣ್ಣು ನಿಧಾನಕ್ಕೆ ಹುಣ್ಣಾಗುತ್ತಿತ್ತು.

ಗಾಯ ಮಾತ್ರ ಹೊರಗಿನಿಂದ ಬಂದದ್ದು. ಸಂಸ್ಕೃತದ ಘಾತ ಪ್ರಾಕೃತದಲ್ಲಿ ಘಾಯ ಆಗಿ, ನಮ್ಮಲ್ಲಿ ಗಾಯ ಆಯಿತು. ಮರಾಠಿಯವರೂ ಘಾಯ್ ಅಂತಾರೆ. ಹೀಗಾಗಿ ಒಂದು ಸೂಕ್ಷ್ಮ ಉಳಿದುಕೊಂಡಿತು: ಹೊರಗಿನಿಂದ ಪೆಟ್ಟು ಬಿದ್ದು ಆದದ್ದು ಗಾಯ, ಒಳಗಿನಿಂದ ಎದ್ದದ್ದು ಅಥವಾ ಮಾಯದೆ ಉಳಿದದ್ದು ಹುಣ್ಣು. ಬಾಯಲ್ಲಿ ಆಗೋದು ಹುಣ್ಣು, ಯಾರೂ ಬಾಯಿಗಾಯ ಅನ್ನೋದಿಲ್ಲ. ಕುಡುಗೋಲು ತಾಗಿದರೆ ಗಾಯ, ಅದು ತಿಂಗಳಾದರೂ ಹಂಗೇ ಉಳಿದರೆ "ಹುಣ್ಣಾತು." ವೈದ್ಯಕೀಯದಲ್ಲೂ ಈ ವ್ಯತ್ಯಾಸ ಬೇಕಾದದ್ದೇ.

ಇಂಗ್ಲಿಷಿನವರ ಹಳೆಯ ಶಬ್ದಗಳನ್ನು ಪಕ್ಕದಲ್ಲಿ ಇಟ್ಟುಕೊಂಡರೆ ನಮ್ಮವು ಇನ್ನೂ ಚೆನ್ನಾಗಿ ಕಾಣುತ್ತವೆ. ಇವತ್ತು ಅವರು ಬಳಸುವ ಪಸ್ ಲ್ಯಾಟಿನ್ನಿನದ್ದು. ಸಂಸ್ಕೃತದಲ್ಲಿ ಕೀವಿಗೆ ಪೂಯ ಅಂತಾರಲ್ಲ, ಅದೂ ಇದೂ ಒಂದೇ ಬೇರಿನವು. ಇಂಗ್ಲಿಷಿನ ಫೌಲ್, ಅಂದರೆ ಹೊಲಸು ಎಂಬ ಶಬ್ದವೂ ಅದೇ ಬೇರಿನದು. ಆಟದಲ್ಲಿ ಫೌಲ್ ಅಂತ ಕೂಗುವವರಿಗೆ ತಾವು ಕೀವಿನ ದಾಯಾದಿ ಶಬ್ದ ಕೂಗುತ್ತಿದ್ದೇವೆ ಎಂದು ಗೊತ್ತಿರುವುದಿಲ್ಲ. ಪಸ್ ಬರುವ ಮುಂಚೆ ಮತ್ತು ಬಂದ ಮೇಲೂ ಅಲ್ಲಿನ ಜನ ಕ್ವಿಟರ್ ಅನ್ನುತ್ತಿದ್ದರು. ಈಗ ಅದು ಕುದುರೆಯ ಗೊರಸಿನ ಒಂದು ರೋಗದ ಹೆಸರಾಗಿ ಮೂಲೆ ಸೇರಿದೆ. ಮ್ಯಾಟರ್ ಎಂದರೂ ಕೀವೇ ಆಗಿತ್ತು, ನಮ್ಮ ರಸ ರಶಿಗಿ ಆದ ಹಾಗೆ ಅವರ "ವಸ್ತು" ಕೀವಾಯಿತು. ಚಾಸರ್ 14ನೇ ಶತಮಾನದ ಕೊನೆಗೆ ಬರೆದ ಕ್ಯಾಂಟರ್ಬರಿ ಕಥೆಗಳಲ್ಲಿ ಅಡುಗೆಯವನೊಬ್ಬ ಬರುತ್ತಾನೆ, ಅವನ ಮೊಣಕಾಲ ಕೆಳಗೆ ಮಾಯದ ಹುಣ್ಣು. ಅದಕ್ಕೆ ಹೆಸರು ಮಾರ್ಮಲ್, ಸತ್ತ ಕೆಡುಕು ಎಂಬಂಥ ಅರ್ಥ. ಆ ಕಾಲದ ಓದುಗರಿಗೆ ಹೆಸರು ಕೇಳಿದರೆ ಸಾಕಿತ್ತು, ಈಗ ಅಡಿಟಿಪ್ಪಣಿ ಬೇಕು. ನಮ್ಮ ಹುಣ್ಣು, ಕೀವು, ಬಾವುಗಳಿಗೆ ಸಾವಿರ ವರ್ಷ ಕಳೆದರೂ ಅಡಿಟಿಪ್ಪಣಿ ಬೇಕಿಲ್ಲ.

ಅದೇ 14ನೇ ಶತಮಾನದಲ್ಲಿ ಇಲ್ಲಿ ಏನು ನಡೆದಿತ್ತು? ಮಂಗರಾಜ ಸುಮಾರು 1360ರ ಹೊತ್ತಿಗೆ ಖಗೇಂದ್ರಮಣಿದರ್ಪಣ ಬರೆದ. ವಿಷ ಮತ್ತು ವಿಷಚಿಕಿತ್ಸೆಯ ಮೇಲೆ, ಕನ್ನಡದಲ್ಲಿ, ಅದೂ ಪದ್ಯದಲ್ಲಿ. ಅದಕ್ಕೂ ಹಿಂದೆ 12ನೇ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ಗೋವೈದ್ಯ ಬರೆದಿದ್ದ, ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಿದ್ದ. ಮಂಗರಾಜನ ಸಮಕಾಲೀನ ಜಾನ್ ಆರ್ಡರ್ನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ ಭಗಂದರದ ಮೇಲೆ ಬರೆದದ್ದು ಲ್ಯಾಟಿನ್ನಿನಲ್ಲಿ, ಅದು ಇಂಗ್ಲಿಷಿಗೆ ಬಂದದ್ದು ಆಮೇಲೆ. ವೈದ್ಯವನ್ನು ಜನರ ಭಾಷೆಯಲ್ಲಿ ಬರೆಯುವುದರಲ್ಲಿ ಕನ್ನಡ ಹಿಂದೆ ಬಿದ್ದಿರಲಿಲ್ಲ. ಹಿಂದೆ ಬಿದ್ದದ್ದು ಏನಿದ್ದರೂ ಇತ್ತೀಚೆಗೆ. (ಆರ್ಡರ್ನ್ ದೊಡ್ಡವರಿಂದ 40 ಪೌಂಡ್ ಫೀಸು ಕೇಳಬೇಕು, ಯಾರಿಂದಲೂ 100 ಶಿಲಿಂಗಿಗೆ ಕಡಿಮೆ ತಗೊಳ್ಳಬಾರದು ಅಂತ ಶಿಷ್ಯರಿಗೆ ಬರೆದಿಟ್ಟಿದ್ದ. ಖಾಸಗಿ ಆಸ್ಪತ್ರೆಯ ಕಲ್ಪನೆ ಹೊಸದಲ್ಲ.)

ಕುರು ಎದ್ದಾಗ ನಮ್ಮ ಮನೆಗಳಲ್ಲಿ ಆಡುವ ಮಾತು ಹೊಲದ್ದು. "ಇನ್ನಾ ಕಾಯಿ ಐತಿ, ಮುಟ್ಟಬ್ಯಾಡ." ನಾಲ್ಕು ದಿನ ಬಿಟ್ಟು "ಹಣ್ಣಾಗೈತಿ." ಆಮೇಲೆ "ಬಾಯಿ ಬಿಟ್ಟೈತಿ," "ಒಡೀತು." ಇದು ಹಳ್ಳಿಯವರ ಉಪಮೆ ಮಾತ್ರ ಅಂದುಕೊಂಡಿದ್ದೆವು. ಸುಶ್ರುತಸಂಹಿತೆಯಲ್ಲಿ ಬಾವಿಗೆ ಮೂರು ಅವಸ್ಥೆ ಹೇಳಿದೆ: ಆಮ, ಪಚ್ಯಮಾನ, ಪಕ್ವ. ಕಾಯಿ, ಹಣ್ಣಾಗುತ್ತಿರುವುದು, ಹಣ್ಣು. ಕಾಯಿ ಇರುವಾಗಲೇ ಕೊಯ್ಯುವ ವೈದ್ಯನನ್ನೂ, ಹಣ್ಣಾದರೂ ಬಿಟ್ಟು ಕೂತ ವೈದ್ಯನನ್ನೂ ಅಲ್ಲಿ ಒಟ್ಟಿಗೆ ಬೈಯಲಾಗಿದೆ. ಇಂಗ್ಲಿಷಿನವರೂ ಕುರು ರೈಪ್ ಆಯಿತು ಎಂದೇ ಹೇಳುತ್ತಿದ್ದರು. ಈಗಿನ ಶಸ್ತ್ರವೈದ್ಯರೂ ನೋಡುವುದು ಅದನ್ನೇ: ಬಾವು ಗಟ್ಟಿಯಾಗಿದ್ದರೆ ಒಳಗೆ ಕೀವು ಇನ್ನೂ ಒಂದು ಕಡೆ ಕೂಡಿಲ್ಲ, ಒತ್ತಿದಾಗ ಒಳಗೆ ದ್ರವ ಅಲುಗಿದಂತೆ ಆದರೆ ಕೂಡಿದೆ, ಆಗ ಕೊಯ್ದು ತೆಗೆಯಬೇಕು. ಕಾಯಿ ಕುರುವನ್ನು ಹಿಚುಕಬಾರದು ಅನ್ನೋದಕ್ಕೂ ಕಾರಣ ಇದೇ. ಹಿಚುಕಿದರೆ ಒಳಗಿನದ್ದು ಹೊರಗೆ ಬರುವ ಬದಲು ಪಕ್ಕದ ಮಾಂಸಕ್ಕೆ, ರಕ್ತಕ್ಕೆ ಹರಡಬಹುದು. ಮೂಗು ಮತ್ತು ಮೇಲ್ತುಟಿಯ ಸುತ್ತಲಿನ ಕುರುವನ್ನಂತೂ ಮುಟ್ಟಲೇಬಾರದು. ಆ ಭಾಗದ ರಕ್ತನಾಳಗಳು ಮಿದುಳಿನ ಕಡೆಗೆ ಹೋಗುವ ನಾಳಗಳಿಗೆ ಕೂಡಿಕೊಂಡಿವೆ.

ಯುರೋಪಿನಲ್ಲಿ ಈ ಹಣ್ಣಿನ ವಿಚಾರ ದಾರಿ ತಪ್ಪಿತು. ದಪ್ಪ, ಬೆಳ್ಳಗಿನ ಕೀವು ಬಂದರೆ ಗಾಯ ಸರಿಹೋಗುವ ಲಕ್ಷಣ, ಅದು "ಮೆಚ್ಚತಕ್ಕ ಕೀವು" ಎಂಬ ನಂಬಿಕೆ ನೂರಾರು ವರ್ಷ ನಡೆಯಿತು. ಕೀವು ಬರಲೆಂದೇ ಗಾಯಕ್ಕೆ ಏನಾದರೂ ತುರುಕುತ್ತಿದ್ದರು. 13ನೇ ಶತಮಾನದಲ್ಲೇ ಇಟಲಿಯ ಥಿಯೊಡೊರಿಕ್, ಕೀವು ಬೇಕಾಗಿಲ್ಲ, ಗಾಯವನ್ನು ದ್ರಾಕ್ಷಾರಸದಿಂದ ತೊಳೆದು ಒಣಗಿಸಿ ಮುಚ್ಚಿ ಎಂದು ಬರೆದ. ಹೆಚ್ಚಿನವರು ಕಿವಿಗೊಡಲಿಲ್ಲ. 1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪದ್ಧತಿ ಪ್ರಕಟಿಸುವವರೆಗೆ ಗಾಯಾಳುಗಳ ಪಾಡು ಹೀಗೇ ಇತ್ತು. 1824ರ ಕಿತ್ತೂರಿನ ಯುದ್ಧ ಅದಕ್ಕೂ 43 ವರ್ಷ ಮುಂಚಿನದು. ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದನ್ನು ನಾವು ಪ್ರತಿ ವರ್ಷ ಉತ್ಸವದಲ್ಲಿ ನೆನೆಯುತ್ತೇವೆ. ಆ ಕೋಟೆಯ ಒಳಗೂ ಹೊರಗೂ ಗುಂಡು, ಕತ್ತಿ ತಾಗಿ ಬದುಕುಳಿದವರ ಮುಂದೆ ಎರಡನೆಯ ಯುದ್ಧ ಇತ್ತು, ಅದು ನಂಜಿನ ಜೊತೆ. ಕಂಪನಿಯ ಡಾಕ್ಟರಿಗೂ ಕಿತ್ತೂರಿನ ವೈದ್ಯನಿಗೂ ಬ್ಯಾಕ್ಟೀರಿಯಾ ಎಂಬುದು ಅಷ್ಟೇ ಅಪರಿಚಿತ.

ಇಲ್ಲೊಂದು ಸಣ್ಣ ಅಡ್ಡಮಾತು. ಸವದತ್ತಿಯ ಹೆಸರು ಶಾಸನಗಳಲ್ಲಿ ಸುಗಂಧವರ್ತಿ. ವರ್ತಿ ಅಂದರೆ ಬತ್ತಿ, ನಮ್ಮ ಬತ್ತಿ ಎಂಬ ಶಬ್ದ ಹುಟ್ಟಿದ್ದೇ ವರ್ತಿಯಿಂದ. ಸುಶ್ರುತನಲ್ಲಿ ವರ್ತಿ ಎಂಬುದು ಶಸ್ತ್ರವೈದ್ಯದ ಸಾಮಾನೂ ಹೌದು: ಔಷಧ ಸವರಿದ ಬಟ್ಟೆಯ ಬತ್ತಿಯನ್ನು ಆಳವಾದ ಹುಣ್ಣಿನ ಒಳಗೆ ಇಡುವುದು, ಮೇಲಿನ ಬಾಯಿ ಬೇಗ ಮುಚ್ಚಿಕೊಂಡು ಒಳಗೆ ಕೀವು ಉಳಿಯಬಾರದು ಅಂತ. ಮಧ್ಯಕಾಲದ ಇಂಗ್ಲಿಷಿನಲ್ಲಿ ಇದಕ್ಕೆ ಟೆಂಟ್ ಅನ್ನುತ್ತಿದ್ದರು, ಡೇರೆಗೂ ಅದಕ್ಕೂ ಸಂಬಂಧವಿಲ್ಲ. ಇವತ್ತು ದೊಡ್ಡ ಕುರು ಕೊಯ್ದ ಮೇಲೆ ಒಳಗೆ ಗಾಜ್ ಪಟ್ಟಿ ತುಂಬುವುದೂ ಅದೇ ಲೆಕ್ಕ. ನಮ್ಮವರು ಅದಕ್ಕೂ "ಒಳಗ ಬತ್ತಿ ಇಟ್ಟಾರ" ಅಂತಲೇ ಅಂತಾರೆ.

ನಂಜು ಮತ್ತು ಸೋಂಕು ಈ ಎರಡರ ಬಗ್ಗೆ ನಮ್ಮಲ್ಲಿ ಸ್ವಲ್ಪ ಜಗಳವೇ ಆಯಿತು. ಪತ್ರಿಕೆಗಳು "ಗಾಯಕ್ಕೆ ಸೋಂಕು ತಗುಲಿ" ಎಂದು ಬರೆಯುತ್ತವೆ. ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. "ನಂಜಾಗೈತಿ" ಅಥವಾ "ನಂಜ ಏರೈತಿ" ಅಂತಾರೆ, ವಯಸ್ಸು ಕಡಿಮೆ ಇದ್ದವರು "ಶೆಪ್ಟಿಕ್ ಆಗೈತಿ" ಅಂತಾರೆ. ನಂಜು ಎಂದರೆ ಹಳೆಯ ಕನ್ನಡದಲ್ಲೂ ತಮಿಳಿನಲ್ಲೂ ವಿಷ. ವಿಷ ಉಂಡವ ನಂಜುಂಡ. ಸೋಂಕು ಎಂದರೆ ಮುಟ್ಟುವುದು, ತಾಗುವುದು. ಗಾಳಿ ಸೋಂಕು ಎಂದರೆ ದೆವ್ವದ ಗಾಳಿ ತಾಗಿದ್ದು. 2020ರಲ್ಲಿ ಕೋವಿಡ್ ಬಂದ ಮೇಲೆ ಸೋಂಕು, ಸೋಂಕಿತ ಎಂಬವು ದಿನಾ ಟಿವಿಯಲ್ಲಿ ಬಂದು, ದೆವ್ವವನ್ನು ಓಡಿಸಿ ಆ ಜಾಗ ಹಿಡಿದುಕೊಂಡವು. ಲ್ಯಾಟಿನ್ನಿನವರೂ ಇದೇ ದಾರಿ ಹಿಡಿದಿದ್ದರು. ಅವರ ವೈರಸ್ ಎಂದರೆ ಮೊದಲು ವಿಷ, ಕಂಟೇಜನ್ ಎಂದರೆ ತಾಗುವುದು, ಇನ್‌ಫೆಕ್ಷನ್ ಎಂದರೆ ಬಣ್ಣದಲ್ಲಿ ಅದ್ದುವುದು, ಕಲೆ ಮಾಡುವುದು. ವಿಷ, ಮುಟ್ಟು, ಕಲೆ. ಕಣ್ಣಿಗೆ ಕಾಣದ ಒಂದನ್ನು ಹೇಳಲು ಎಲ್ಲರೂ ಕಂಡದ್ದನ್ನೇ ತಂದರು.

ನಮ್ಮ ಮತ: ಒಬ್ಬರಿಂದ ಒಬ್ಬರಿಗೆ ಹರಡುವುದಕ್ಕೆ ಸೋಂಕು ಇರಲಿ, ಗಾಯ ಕೆಡುವುದಕ್ಕೆ ನಂಜೇ ಸರಿ. ಆದರೆ ನಂಜಿಗೆ ಒಂದು ತೊಡಕು ಇದೆ. ವಿಷ ಎಂದ ಮೇಲೆ ಅದು ಊಟದಿಂದಲೂ ಬಂದಿರಬಹುದು ಅನ್ನಿಸುತ್ತದೆ. ಅದಕ್ಕೇ ಗಾಯ ಆದವರಿಗೆ ಬದನೆಕಾಯಿ ನಂಜು, ಇದು ನಂಜು, ಅದು ನಂಜು ಅಂತ ತಿನ್ನುವುದನ್ನೇ ಬಿಡಿಸುತ್ತಾರೆ. ಗಾಯ ಮಾಯಲು ಪ್ರೊಟೀನ್ ಬೇಕು. ಬೇಳೆ, ಹಾಲು, ಮೊಟ್ಟೆ ನಿಲ್ಲಿಸಿದರೆ ನಂಜಿಗೆ ಅನುಕೂಲ.

ಇನ್ನೂ ಕೆಟ್ಟದ್ದು ಗಾಯಕ್ಕೆ ಮಣ್ಣು, ಸೆಗಣಿ ಮೆತ್ತುವುದು. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದೇ ಮಣ್ಣಿನಲ್ಲಿ, ದನ ಕುದುರೆಗಳ ಸೆಗಣಿ ಲದ್ದಿಯಲ್ಲಿ. ಆಳವಾದ, ಗಾಳಿ ಆಡದ ಗಾಯ ಅವಕ್ಕೆ ಹೇಳಿ ಮಾಡಿಸಿದ ಜಾಗ. ರೋಗ ಏರಿದಾಗ ಬೆನ್ನಿನ ಸ್ನಾಯುಗಳು ಬಿಗಿದು ಮೈ ಬಿಲ್ಲಿನಂತೆ ಬಾಗುತ್ತದೆ, ಹೆಸರಿನಲ್ಲಿರುವ ಧನುಸ್ಸು ಅದೇ. ಹೆಸರು ಇಟ್ಟವರು ಕಣ್ಣಾರೆ ಕಂಡು ಇಟ್ಟಿದ್ದಾರೆ. ತುಕ್ಕು ಹಿಡಿದ ಮೊಳೆಯಿಂದ ಮಾತ್ರ ಬರುತ್ತದೆ ಅನ್ನೋದು ತಪ್ಪು. ಜಾಲಿ ಮುಳ್ಳು ನಟ್ಟರೂ ಬರಬಹುದು. ಸೋಪು ನೀರಿನಿಂದ ತೊಳೆದು, ಟೀಟಿ ಯಾವಾಗ ಹಾಕಿಸಿದ್ದು ಎಂದು ನೋಡಿಕೊಳ್ಳಬೇಕು.

ಹೆಸರುಗಳಲ್ಲಿ ನಮಗೆ ಅತಿ ಹಿಡಿಸಿದ್ದು ಸರ್ಪಸುತ್ತು. ಎದೆಯ ಅಥವಾ ಸೊಂಟದ ಒಂದು ಪಕ್ಕಕ್ಕೆ ಪಟ್ಟಿಯಂತೆ ಗುಳ್ಳೆ ಏಳುತ್ತವೆ, ಉರಿ ತಡೆಯಲು ಆಗುವುದಿಲ್ಲ. ಚಿಕ್ಕಂದಿನಲ್ಲಿ ಸೀತಾಳ ಸಿಡುಬು ಬಂದು ಹೋದ ವೈರಸ್ಸು ನರದ ಬುಡದಲ್ಲಿ ಮಲಗಿದ್ದು, ಹತ್ತಾರು ವರ್ಷದ ನಂತರ ಎದ್ದು, ಆ ನರದ ಗುಂಟ ಬರುತ್ತದೆ. ಇಂಗ್ಲಿಷರ ಶಿಂಗಲ್ಸ್ 14ನೇ ಶತಮಾನದಿಂದ ಇರುವ ಶಬ್ದ, ಲ್ಯಾಟಿನ್ನಿನ ಸೊಂಟಪಟ್ಟಿ ಎಂಬ ಶಬ್ದದಿಂದ ಬಂದದ್ದು. ವೈದ್ಯಕೀಯ ಹೆಸರು ಹರ್ಪಿಸ್ ಜೋಸ್ಟರ್: ಜೋಸ್ಟರ್ ಅಂದರೆ ಗ್ರೀಕಿನಲ್ಲಿ ಮತ್ತೆ ಸೊಂಟಪಟ್ಟಿ, ಹರ್ಪಿಸ್ ಅಂದರೆ ಹರಿದಾಡುವುದು. ಆ ಗ್ರೀಕ್ ಧಾತು ಮತ್ತು ನಮ್ಮ ಸರ್ಪದ ಧಾತು ಒಂದೇ! ಗ್ರೀಸಿನಲ್ಲಿ ಹರಿದಾಡಿದ್ದು ರಾಮದುರ್ಗದಲ್ಲಿ ಸುತ್ತಿಕೊಂಡಿತು. ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯೋದಿಲ್ಲ ಎಂಬ ಹೆದರಿಕೆ ಎಲ್ಲ ಹಳ್ಳಿಯಲ್ಲೂ ಇದೆ. ನರಗಳು ಎಡಕ್ಕೆ ಬೇರೆ, ಬಲಕ್ಕೆ ಬೇರೆ ಇರುವುದರಿಂದ ಸಾಮಾನ್ಯವಾಗಿ ಗುಳ್ಳೆಗಳು ಮೈಯ ನಡುಗೆರೆ ದಾಟುವುದಿಲ್ಲ. ಕೆಮ್ಮಣ್ಣು ಹಚ್ಚಿಸಿಕೊಂಡು ಕೂಡುವವರಿಗೆ ತೊಂದರೆ ಬೇರೆ ಕಡೆಯಿಂದ: ವೈರಸ್ಸಿನ ಮಾತ್ರೆ ಗುಳ್ಳೆ ಎದ್ದ 72 ತಾಸಿನ ಒಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣಿನ ಹತ್ತಿರ ಎದ್ದರೆ ಆ ದಿನವೇ ಹೋಗಬೇಕು. ಉಗುರುಸುತ್ತು ಇದೇ ಬಳಗದ ಹೆಸರು, ಆದರೆ ಸುತ್ತುವುದು ಕೀವು.

ನಾರುಹುಣ್ಣಿನ ಹೆಸರು ನಮ್ಮ ವಯಸ್ಸಿನವರಲ್ಲಿ ಹೆಚ್ಚಿನವರು ಕೇಳಿಲ್ಲ. ಅಜ್ಜಂದಿರು ಮಾತ್ರ ಕಾಲು ತೋರಿಸಿಕೊಂಡು ಹೇಳುತ್ತಾರೆ. ಕಾಲಿನಲ್ಲಿ ಗುಳ್ಳೆ ಎದ್ದು, ಬೆಂಕಿ ಇಟ್ಟಂತೆ ಉರಿದು, ಒಡೆದು, ಅದರೊಳಗಿಂದ ಬಿಳಿ ದಾರದಂಥ ಹುಳ ಹೊರಗೆ ಇಣುಕುತ್ತಿತ್ತು. ಉದ್ದ ಎರಡು ಮೂರು ಅಡಿ. ಎಳೆದರೆ ಹರಿಯುತ್ತದೆ, ಹರಿದರೆ ನಂಜು. ಹಾಗಾಗಿ ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು, ಎರಡು ಬೆರಳಷ್ಟು ಹೊರಗೆ ತೆಗೆಯುತ್ತಿದ್ದರು. ವಾರಗಟ್ಟಲೆ. ಬಿತ್ತಿಗೆಯ ಹೊತ್ತಿನಲ್ಲಿ ಬಂದರೆ ಆ ವರ್ಷ ಹೊಲ ಹಾಳು.

ಉರಿ ತಣಿಸಲು ಜನ ಕಾಲನ್ನು ನೀರಿಗೆ ಇಡುತ್ತಿದ್ದರು, ಹುಳಕ್ಕೆ ಬೇಕಾದದ್ದೂ ಅದೇ. ನೀರು ತಾಗಿದೊಡನೆ ಅದು ಲಕ್ಷಗಟ್ಟಲೆ ಮರಿಗಳನ್ನು ಬಿಡುತ್ತದೆ. ನೀರಿನಲ್ಲಿರುವ ಚಿಗಟದಷ್ಟು ಸಣ್ಣ ಜೀವಿ ಅವನ್ನು ನುಂಗುತ್ತದೆ, ಆ ನೀರನ್ನು ಕುಡಿದವರ ಹೊಟ್ಟೆಗೆ ಹೋಗಿ, ಸುಮಾರು ಒಂದು ವರ್ಷಕ್ಕೆ ಮತ್ತೊಂದು ಕಾಲಿನಿಂದ ಹೊರಗೆ ಬರುತ್ತದೆ. ಕೆಳಗಿಳಿದು ಕೊಡ ತುಂಬುವ ಪಾವಟಿಗಿ ಬಾವಿ ಇದ್ದ ಊರುಗಳೇ ಇದರ ಮನೆ. ಕರ್ನಾಟಕ ಈ ರೋಗವಿದ್ದ ರಾಜ್ಯಗಳಲ್ಲಿ ಒಂದಾಗಿತ್ತು. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಇದಕ್ಕೆ ಔಷಧ ಹುಡುಕಲಿಲ್ಲ, ಲಸಿಕೆಯೂ ಇರಲಿಲ್ಲ. ಇಳಿಯುವ ಬಾವಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು, ಬೋರು ಕೊರೆದು ಕೈಪಂಪು ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿದರು, ಹುಳ ಬಂದವರು ಬಾವಿಗೆ ಇಳಿಯದಂತೆ ಕಾದರು. ಒಟ್ಟಿನಲ್ಲಿ ಸಿವಿಲ್ ಎಂಜಿನಿಯರಿಂಗ್. ದೇಶದ ಕೊನೆಯ ಕೇಸು 1996ರಲ್ಲಿ ರಾಜಸ್ಥಾನದಲ್ಲಿ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತ ಎಂದು ಸರ್ಟಿಫಿಕೇಟು ಕೊಟ್ಟಿತು. ರೋಗದ ಜೊತೆ ಶಬ್ದವೂ ಹೊರಟಿದೆ. ಇಂಥ ಶಬ್ದ ಹೋದರೆ ನಮಗೆ ದುಃಖವಿಲ್ಲ, ನಿಘಂಟಿನಲ್ಲಿ ಇದ್ದರೆ ಸಾಕು.

ಸವದತ್ತಿ ಎಂದಮೇಲೆ ಎಲ್ಲಮ್ಮನ ಗುಡ್ಡ ಬಿಟ್ಟು ಬರೆಯಲಾಗದು. ಜಮದಗ್ನಿಯ ಶಾಪದಿಂದ ರೇಣುಕೆಯ ಮೈಯೆಲ್ಲ ಕುಷ್ಠವಾಗಿ, ಎಕ್ಕಯ್ಯ ಜೋಗಯ್ಯರ ಉಪಚಾರದಿಂದ ಗುಣವಾಯಿತು ಎಂದು ಜನ ಹೇಳುತ್ತಾರೆ. ಗುಡ್ಡ ಏರುವ ಮುನ್ನ ಜೋಗುಳಬಾವಿಯಲ್ಲಿ ಮೀಯುವುದು ಈಗಲೂ ಇದೆ. ಕುಷ್ಠ ಎಂದರೆ ಆಯುರ್ವೇದದಲ್ಲಿ ಕಜ್ಜಿ, ಹುಳುಕಡ್ಡಿಯಿಂದ ಹಿಡಿದು ಚರ್ಮದ ಬಹಳಷ್ಟು ರೋಗಗಳಿಗೆ ಒಟ್ಟು ಹೆಸರು. ಮಧ್ಯಕಾಲದ ಯುರೋಪಿನಲ್ಲಿ ಲೆಪ್ರಸಿ ಎಂಬುದೂ ಹಾಗೇ ಸಡಿಲವಾಗಿತ್ತು. ಆಮೇಲೆ ಎರಡೂ ಕಡೆ ಶಬ್ದ ಒಂದೇ ರೋಗಕ್ಕೆ ಕಟ್ಟಿಬಿದ್ದಿತು, ಆದರೆ ಹಳೆಯ ಸಡಿಲಿನ ಭಯ ಮಾತ್ರ ಬಿಡಲಿಲ್ಲ. ಬರೀ ಬಣ್ಣ ಹೋಗುವ, ಯಾರಿಗೂ ಹರಡದ ತೊನ್ನನ್ನು ನಮ್ಮ ಊರುಗಳಲ್ಲಿ ಇವತ್ತಿಗೂ "ಬಿಳಿ ಕುಷ್ಠ" ಅಂದು ಹುಡುಗಿಯರ ಸಂಬಂಧ ಮುರಿಯುತ್ತಾರೆ. ತಪ್ಪು ಹೆಸರಿನಿಂದ ಆಗುವ ಗಾಯ ಇದು.

ಹೆಣ್ಣುಮಕ್ಕಳ ವಿಷಯವನ್ನು ನಮ್ಮ ಬಳಗದ ಹುಡುಗಿಯರೇ ಕೇಳಿ ಬರೆದುಕೊಂಡರು. ಅಲ್ಲಿ ಹೆಸರು ಇಲ್ಲದಿರುವುದೇ ಹೆಚ್ಚು. ಪುಸ್ತಕದಲ್ಲಿ ಬಿಳಿ ಸೆರಗು, ಬಿಳಿ ಮುಟ್ಟು. ಮನೆಯಲ್ಲಿ "ಬಿಳೇದು ಹೋಗತೈತಿ." ಅದನ್ನೂ ಗಂಡು ಡಾಕ್ಟರ ಮುಂದೆ ಹೇಳದೆ, "ಸೊಂಟ ಬ್ಯಾನಿ" ಅಂತ ಹೇಳಿ ಸೊಂಟದ ಗುಳಿಗೆ ತಗೊಂಡು ಬರುತ್ತಾರೆ. ಸ್ವಲ್ಪ ಬಿಳಿ ಹೋಗುವುದು ಎಲ್ಲರಿಗೂ ಇರುವಂಥದ್ದು, ಮೈ ತನ್ನನ್ನು ತಾನು ತೊಳೆದುಕೊಳ್ಳುವ ರೀತಿ. ಬಣ್ಣ ಹಸಿರು ಅಥವಾ ಹಳದಿ ಆದರೆ, ಮೊಸರಿನಂತೆ ಒಡೆದರೆ, ನಾತ ಬಂದರೆ, ತುರಿಸಿದರೆ, ಕಿಬ್ಬೊಟ್ಟೆ ನೋಯಿಸಿದರೆ, ಮುಟ್ಟು ನಿಂತ ಮೇಲೆ ಕೆಂಪು ಕಂಡರೆ ತೋರಿಸಲೇಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಮಾತುಗಳೆಲ್ಲ ಗೊತ್ತು, ಅವರು ಊರಿನ ಶಬ್ದದಲ್ಲೇ ಕೇಳುತ್ತಾರೆ. ಆ್ಯಪು ಮಾಡುವವರು "ಯೋನಿ ವಿಸರ್ಜನೆ" ಅಂತ ಬರೆದರೆ ಓದಿದವಳು ಫೋನು ಮಗುಚಿ ಇಡುತ್ತಾಳೆ. ಈ ಒಂದು ಸಾಲು ಬದಲಾಯಿಸಲು ದೊಡ್ಡ ಅಲ್ಗಾರಿದಮ್ ಬೇಡ, ಒಬ್ಬ ಆಯಿಯನ್ನು ಕೇಳಿದರೆ ಸಾಕು.

ಮಾಯುವುದಕ್ಕೂ ಶಬ್ದಗಳಿವೆ. ಗಾಯದ ಮೇಲೆ ಕಟ್ಟುವ ಪೊರೆ ಹಕ್ಕಳಿ, ಪುಸ್ತಕದಲ್ಲಿ ಹಕ್ಕಳೆ. ಮಕ್ಕಳು ಅದನ್ನು ಕೀಳದೆ ಬಿಡುವುದಿಲ್ಲ, ಕಿತ್ತರೆ ಕೆಳಗೆ ಬೆಳೆಯುತ್ತಿರುವ ಎಳೆ ಚರ್ಮವೂ ಬರುತ್ತದೆ. ಮಾಯು ಎಂಬುದು ಹಳಗನ್ನಡದ ಮಾಯ್, ಗಾಯಕ್ಕೇ ಮೀಸಲಾದ ಕ್ರಿಯಾಪದ. ಜ್ವರ ಇಳಿಯುತ್ತದೆ, ಕೆಮ್ಮು ನಿಲ್ಲುತ್ತದೆ, ಗಾಯ ಮಾತ್ರ ಮಾಯುತ್ತದೆ. "ಮಾಯವಲ್ದು" ಅಂದರೆ ಎಷ್ಟು ಮಾಡಿದರೂ ಮಾಯುತ್ತಿಲ್ಲ. ಸಕ್ಕರಿ ಬ್ಯಾನಿಯವರ ಮನೆಯಿಂದ ಈ ಮಾತು ಬಂದರೆ ಮರುದಿನಕ್ಕೆ ಕಾಯಬಾರದು. ಫೋನು ಇದನ್ನು "ಮಾಯವಾಯಿತು" ಅಂತ ಬರೆದುಕೊಂಡಿತು. ಇನ್ನು ಜಡ್ಡು: ಬೆಂಗಳೂರಿನ ಗೆಳೆಯರಿಗೆ ಅದು ಕೈಯಲ್ಲಿ ಗಟ್ಟಿಯಾದ ಚರ್ಮ, ನಮಗೆ ಕಾಯಿಲೆ. "ನಮ್ಮಪ್ಪಗ ಜಡ್ಡಾಗೈತ್ರಿ" ಅಂತ ಬೈಲಹೊಂಗಲದ ಹುಡುಗ ಹೇಳಿದರೆ, ಅವರಪ್ಪನ ಅಂಗೈ ನೋಡಬೇಡಿ, ಗಾಡಿ ತರಿಸಿ.